ನಾಲ್ಕು ನಿಮಿಷದ ಒಂದು ಚಿತ್ರ

ಹಳೆಯ ಕಪ್ಪು-ಬಿಳುಪು ಎಲ್‌ಸಿಡಿ ಪರದೆಯ ಮೇಲೆ ಭೂತಗನ್ನಡಿ ಹಿಡಿದರೆ ಮೊದಲು ಕಾಣುವುದು ಚೌಕಗಳು. ಸಾಲು ಸಾಲಾಗಿ, ನಡುನಡುವೆ ತೆಳುವಾದ ಸಂದಿ ಬಿಟ್ಟುಕೊಂಡು ಕೂತ ಪುಟ್ಟ ಪುಟ್ಟ ಚೌಕಗಳು. ಅಕ್ಷರದ ಒಡಲಲ್ಲಿರುವವು ನೀಲಿಗೆ ತಿರುಗಿದ ಕಪ್ಪು. ಬಯಲಿನಲ್ಲಿರುವವು ಮಾಸಲು ಹಳದಿ-ಹಸಿರು. ಅಂಚಿನಲ್ಲಿ, ಅಕ್ಷರದ ದುಂಡು ತಿರುಗುವ ಕಡೆ, ಇತ್ತ ಕಪ್ಪೂ ಅಲ್ಲದ ಅತ್ತ ಬಯಲೂ ಅಲ್ಲದ ಕೆಲವು ಬೂದು ಚೌಕಗಳು. ಅವುಗಳಲ್ಲಿ ಒಂದನ್ನೇ ಆರಿಸಿಕೊಂಡು ಕಣ್ಣು ಮಿಟುಕಿಸದೆ ನೋಡಿ. ಅದು ಪೂರ್ತಿ ಸುಮ್ಮನಿಲ್ಲ. ಒಳಗೆ ಏನೋ ಸಣ್ಣಗೆ ಅದುರುತ್ತಿದೆ.

ಆ ಅದುರಿಕೆಗೆ ಕಾರಣವಿದೆ. ಪರದೆಯ ಅಂಚಿಗೆ ಬಂದು ಸೇರುವ ತಂತಿಗಳಿಗೆ ಬೂದು ಎಂಬುದೇ ಗೊತ್ತಿಲ್ಲ. ಒಂದೊಂದು ಚೌಕದ ಪಾಲಿಗೆ ಅವು ಹೊತ್ತು ತರುವುದು ಎರಡೇ ಅಪ್ಪಣೆ: ಹೊತ್ತಿಕೋ, ಆರಿಕೋ. ಆದರೂ ಪರದೆಯ ಮೇಲೆ ಹದಿನೈದು ಬಗೆಯ ಛಾಯೆ ಮೂಡುತ್ತದೆ. ಮುಖದ ನೆರಳು, ಮೋಡದ ಮಡಿಕೆ, ಅಕ್ಷರದ ಮೆದು ಅಂಚು ಎಲ್ಲವೂ ಈ ಎರಡು ಅಪ್ಪಣೆಗಳಿಂದಲೇ ಹುಟ್ಟಬೇಕು. ಅದನ್ನು ಹುಟ್ಟಿಸುವ ಕೆಲಸ ಪ್ರದರ್ಶನ ನಿಯಂತ್ರಕ ಎಂಬ ಚಿಪ್ಪಿನದು. ಅದು ಬಣ್ಣ ಕಲೆಸುವುದಿಲ್ಲ, ಹೊತ್ತನ್ನು ಹಂಚುತ್ತದೆ. ಆ ಹಂಚಿಕೆಯನ್ನು ಹತ್ತಿರದಿಂದ ನೋಡುವ ಆಸೆಗೆ ಈ ಬರಹ.

ಯಾವ ಪರದೆ, ಯಾವ ಚಿಪ್ಪು ಎಂದು ಹೆಸರಿಟ್ಟು ಹೇಳುವುದು ಒಳ್ಳೆಯದು. 2001ರಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಅಗಲದ ಗಣಕದ ಮಾದರಿ ಹೊರಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಅಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಕಟ್ಟಿದ್ದು ಅದು. ಓದು ಬಾರದವರಿಗೂ ದಕ್ಕಬೇಕು, ಕನ್ನಡ-ಹಿಂದಿಗಳಲ್ಲಿ ಓದಿ ಹೇಳಬೇಕು, ಬೆಲೆ ಹಳ್ಳಿಯ ಕೈಗೆ ನಿಲುಕಬೇಕು ಎಂಬ ಹಂಬಲ ಅದರ ಹಿಂದಿತ್ತು. ಬಣ್ಣದ ಪರದೆ ಆಗ ದುಬಾರಿ, ಬ್ಯಾಟರಿಗೂ ಭಾರ. ಹಾಗಾಗಿ ಮೊದಲ ಸಿಂಪ್ಯೂಟರಿಗೆ ಒಪ್ಪಿದ್ದು 320 ಕಂಬ, 240 ಸಾಲುಗಳ ಬಣ್ಣವಿಲ್ಲದ ಎಲ್‌ಸಿಡಿ. ಒಳಗಿದ್ದ ಪ್ರೊಸೆಸರ್ ಸೆಕೆಂಡಿಗೆ 20.6 ಕೋಟಿ ಸಲ ಮಿಡಿಯುವ ಸ್ಟ್ರಾಂಗ್‌ಆರ್ಮ್ ಎಸ್‌ಎ-1110. ಆ ಚಿಪ್ಪಿನ ಒಡಲಲ್ಲೇ ಒಂದು ಪ್ರದರ್ಶನ ನಿಯಂತ್ರಕವೂ ಸೇರಿಕೊಂಡಿತ್ತು. ಅಂಥದೊಂದು ನಿಯಂತ್ರಕ, ಅಂಥದೊಂದು ಫಲಕ ನಮ್ಮ ಮುಂದಿದೆ ಎಂದುಕೊಳ್ಳೋಣ.

ಮೊದಲು ಗಾಜು. ಎರಡು ಗಾಜಿನ ಹಾಳೆ, ನಡುವೆ ಐದಾರು ಮೈಕ್ರಾನಿನಷ್ಟು ಸಂದು. ಸಂದಿನ ತುಂಬ ದ್ರವ ಸ್ಫಟಿಕ. ಹರಿಯುವ ದ್ರವವೇ ಆದರೂ ಅದರ ಕಡ್ಡಿಯಂಥ ಉದ್ದನೆಯ ಅಣುಗಳು ಒಂದೇ ದಿಕ್ಕಿಗೆ ಒರಗಿ ನಿಲ್ಲಬಲ್ಲವು. ಕೆಳಗಿನ ಗಾಜಿನಿಂದ ಮೇಲಿನ ಗಾಜಿಗೆ ಏರುತ್ತ ಹೋದಂತೆ ಅವುಗಳ ದಿಕ್ಕು ಸ್ವಲ್ಪ ಸ್ವಲ್ಪವೇ ತಿರುಚಿಕೊಂಡು, ಅರ್ಧ ಸುತ್ತನ್ನೂ ಮೀರಿ ಹೋಗುತ್ತದೆ. ಇದು ಎಸ್‌ಟಿಎನ್ ಎನ್ನುವ ಬಗೆ. 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಒಂದು ಗಾಜಿನ ಒಳಮೈಗೆ ಅಡ್ಡಡ್ಡಲಾಗಿ 240 ಪಾರದರ್ಶಕ ವಾಹಕ ಪಟ್ಟಿಗಳು, ಇನ್ನೊಂದಕ್ಕೆ ಉದ್ದುದ್ದಲಾಗಿ 320. ಅಡ್ಡಪಟ್ಟಿಯೂ ಉದ್ದಪಟ್ಟಿಯೂ ಒಂದನ್ನೊಂದು ಹಾಯುವ ಜಾಗವೇ ಚೌಕ. ಹಾಯುವ ಜಾಗಗಳು 76,800, ತಂತಿಗಳು ಬರೀ 560. ಈ ಉಳಿತಾಯವೇ ಇಂಥ ಫಲಕ ಅಗ್ಗವಾಗಿರುವುದಕ್ಕೆ ಕಾರಣ. ಅದರ ಎಲ್ಲ ಕಷ್ಟಗಳಿಗೂ ಅದೇ ಕಾರಣ.

ಹೊರಮೈಗೆ ಅಂಟಿಸಿದ ಧ್ರುವಣ ಹಾಳೆಗಳ ಮೂಲಕ ಬೆಳಕು ಒಳಹೋಗುತ್ತದೆ, ಅಣುಗಳ ತಿರುಚಿನೊಡನೆ ತಾನೂ ಬದಲಾಗುತ್ತದೆ, ಹಿಂದಿನ ಕನ್ನಡಿಪದರಕ್ಕೆ ತಾಗಿ ಮರಳುತ್ತದೆ. ವಿದ್ಯುತ್ ಬಿದ್ದ ಚೌಕದಲ್ಲಿ ಅಣುಗಳು ಎದ್ದು ನಿಲ್ಲುತ್ತವೆ, ತಿರುಚು ಸಡಿಲಾಗುತ್ತದೆ, ಬೆಳಕಿಗೆ ಮರಳುವ ದಾರಿ ಮುಚ್ಚುತ್ತದೆ. ನಮಗೆ ಕಪ್ಪು ಕಾಣುತ್ತದೆ.

ಇನ್ನು ಚಲನೆ. ಸೆಕೆಂಡಿಗೆ 70 ಸಲ ಈ ಫಲಕದ ಮೇಲೆ ಚಿತ್ರ ಹೊಸದಾಗಿ ಬರೆಯಲ್ಪಡುತ್ತದೆ ಎಂದಿಟ್ಟುಕೊಳ್ಳಿ. ಈ ಬಗೆಯ ಫಲಕಗಳಿಗೆ ಅದು ವಾಡಿಕೆಯ ವೇಗ. 240 ಸಾಲುಗಳನ್ನು ಒಂದಾದ ಮೇಲೊಂದು ಬರೆಯಬೇಕು. ಅಂದರೆ ಸೆಕೆಂಡಿಗೆ 16,800 ಸಾಲು. ಒಂದು ಸಾಲಿಗೆ ಸಿಗುವ ಹೊತ್ತು 60 ಮೈಕ್ರೊಸೆಕೆಂಡಿಗೂ ಕೊಂಚ ಕಡಿಮೆ. ಇಷ್ಟು ಚಿಕ್ಕ ಹೊತ್ತನ್ನು ಮನಸ್ಸು ಹಿಡಿಯಲಾರದು. ಅದಕ್ಕೇ ಕಾಲವನ್ನು ಹಿಗ್ಗಿಸಿ ನೋಡೋಣ. ಒಂದು ಸಾಲಿಗೆ ಪೂರಾ ಒಂದು ಸೆಕೆಂಡ್ ಕೊಡೋಣ. ಆಗ ಒಂದು ಚಿತ್ರ ಬರೆಯಲು ನಾಲ್ಕು ನಿಮಿಷ ಹಿಡಿಯುತ್ತದೆ. ನಮ್ಮ ನಿಜವಾದ ಒಂದು ಸೆಕೆಂಡು ಅಲ್ಲಿ 4 ಗಂಟೆ 40 ನಿಮಿಷವಾಗುತ್ತದೆ.

ಈ ನಿಧಾನಗತಿಯಲ್ಲಿ ಫಲಕದ ಮುಂದೆ ಕೂತರೆ ಏನೇನು ಕಾಣುತ್ತದೆ!

ಚಿತ್ರ ಶುರುವಾಗುವ ಗಳಿಗೆಯಲ್ಲಿ ನಿಯಂತ್ರಕ ಮೆಮೊರಿಯತ್ತ ತಿರುಗುತ್ತದೆ. ಒಂದೊಂದು ಚೌಕಕ್ಕೂ ನಾಲ್ಕು ಬಿಟ್‌ಗಳಂತೆ 38,400 ಬೈಟ್‌ಗಳಲ್ಲಿ ಇಡೀ ಚಿತ್ರ ಅಲ್ಲಿ ಮಲಗಿದೆ. ಅದಕ್ಕೂ ಮುಂಚೆ 32 ಬೈಟ್‌ಗಳ ಒಂದು ಪಟ್ಟಿ ಇದೆ. ನಿಯಂತ್ರಕ ಮೊದಲು ಅದನ್ನು ಓದಿಕೊಳ್ಳುತ್ತದೆ. ಚೌಕದಲ್ಲಿ 5 ಎಂದು ಬರೆದಿದ್ದರೆ ಯಾವ ಛಾಯೆ ಹಚ್ಚಬೇಕು, 9 ಎಂದಿದ್ದರೆ ಯಾವುದು ಎಂದು ಹೇಳುವ ಪಟ್ಟಿ ಅದು. ಚಿತ್ರದ ಒಂದು ಚೌಕವನ್ನೂ ಮುಟ್ಟದೆ ಈ ಹದಿನಾರು ನಮೂದುಗಳನ್ನು ತಿರುವುಮುರುವು ಮಾಡಿದರೆ ಸಾಕು, ಕಪ್ಪು ಬಿಳುಪಾಗಿ ಇಡೀ ಪರದೆ ಮಗುಚಿಕೊಳ್ಳುತ್ತದೆ.

ಆಮೇಲೆ ಚಿತ್ರದ ಸಾಲುಗಳು. ಪ್ರೊಸೆಸರನ್ನು ಕೇಳದೆ, ಅದರ ಕೆಲಸಕ್ಕೆ ಅಡ್ಡ ಬಾರದೆ, ನಿಯಂತ್ರಕ ತಾನೇ ಹದಿನಾರು ಹದಿನಾರು ಬೈಟ್‌ಗಳ ಬೊಗಸೆಯಲ್ಲಿ ಮೊಗೆದು ತರುತ್ತದೆ. ಹತ್ತು ಬೊಗಸೆಗೆ ಒಂದು ಸಾಲು. ತಂದದ್ದನ್ನು ಒಂದು ಸಣ್ಣ ಸರದಿಯಲ್ಲಿ ಕೂಡಿಡುತ್ತದೆ. ಮೆಮೊರಿ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ಈ ಸರದಿ ಬರಿದಾದರೆ ಸಾಲಿನ ಅಕ್ಷರಗಳು ಪಕ್ಕಕ್ಕೆ ಸರಿದುಬಿಡುತ್ತವೆ. ಫಲಕ ಕಾಯುವುದಿಲ್ಲ. ಹಿಗ್ಗಿಸಿದ ಈ ಒಂದು ಸೆಕೆಂಡಿನಲ್ಲಿ ಪ್ರೊಸೆಸರಿನ ಗಡಿಯಾರ 12,000 ಸಲಕ್ಕೂ ಹೆಚ್ಚು ಮಿಡಿದಿರುತ್ತದೆ. ಅದು ಎಷ್ಟೇ ಗಡಿಬಿಡಿಯಲ್ಲಿರಲಿ, ಸಾಲಿನ ಸರಕು ಮಾತ್ರ ಹೊತ್ತಿಗೆ ಸರಿಯಾಗಿ ತಲುಪಲೇಬೇಕು.

ತಲುಪಿದ ನಾಲ್ಕು ಬಿಟ್‌ಗಳು ಹೊತ್ತು-ಆರು ಎಂಬ ಒಂದೇ ಬಿಟ್ ಆಗಿ ಹೊರಬೀಳುತ್ತವೆ. ಅದು ಹೇಗೆಂದು ಆಮೇಲೆ ನೋಡೋಣ. ನಾಲ್ಕು ತಂತಿಗಳಲ್ಲಿ ನಾಲ್ಕು ಚೌಕಗಳ ಬಿಟ್‌ಗಳು ಒಟ್ಟಿಗೆ ಹೊರಡುತ್ತವೆ, ಜೊತೆಗೆ ಗಡಿಯಾರದ ಒಂದು ಮಿಡಿತ. ಇಂಥ 80 ಮಿಡಿತಗಳಿಗೆ 320 ಚೌಕ ತುಂಬುತ್ತದೆ. ಗಾಜಿನ ಅಂಚಿನಲ್ಲಿರುವ ಚಾಲಕ ಚಿಪ್ಪುಗಳು ಅವನ್ನು ಬಾಯಿ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಸಾಲು ಪೂರ್ತಿಯಾದದ್ದೇ ಇನ್ನೊಂದು ತಂತಿಯಲ್ಲಿ ಸಾಲಿನ ಮಿಡಿತ ಬರುತ್ತದೆ. ಆ ಒಂದು ಮಿಡಿತಕ್ಕೆ 320 ಕಂಬಗಳೂ ಒಟ್ಟಿಗೆ ತಮ್ಮ ಹೊಸ ವೋಲ್ಟೇಜಿಗೆ ಜಿಗಿಯುತ್ತವೆ, ಸಾಲಿನ ಸರದಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಈ ಸಾಲು ಗಾಜಿನ ಮೇಲೆ ನಡೆಯುತ್ತಿರುವಾಗಲೇ ಮುಂದಿನ ಸಾಲಿನ ಬಿಟ್‌ಗಳು ಚಾಲಕಗಳೊಳಗೆ ತುಂಬಿಕೊಳ್ಳುತ್ತಿರುತ್ತವೆ. ನಾಲ್ಕು ನಿಮಿಷಕ್ಕೊಮ್ಮೆ ಮೂರನೆಯದೊಂದು ತಂತಿ ಅಲುಗುತ್ತದೆ: ಕೆಳಗೆ ಮುಟ್ಟಿತು, ಮೇಲಿನ ಮೊದಲ ಸಾಲಿಗೆ ಮರಳು.

ಸರದಿ ಬಂದ ಚೌಕಕ್ಕೆ ಒಂದು ಸೆಕೆಂಡು ವಿದ್ಯುತ್ತು. ಉಳಿದ ಮೂರು ನಿಮಿಷ ಐವತ್ತೊಂಬತ್ತು ಸೆಕೆಂಡು ಅದರ ಗತಿಯೇನು? ಒಂದೇ ಕಾಲುವೆಯಿಂದ 240 ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸುವ ಊರನ್ನು ನೆನೆದುಕೊಳ್ಳಿ. ತನ್ನ ಸರದಿಯಲ್ಲಿ ಗದ್ದೆಗೆ ನೀರು ನುಗ್ಗುತ್ತದೆ. ಬೇರೆಯವರ ಸರದಿ ನಡೆಯುವಾಗಲೂ ಬದುವಿನಡಿಯಿಂದ ಸ್ವಲ್ಪ ಸ್ವಲ್ಪ ಜಿನುಗುತ್ತಲೇ ಇರುತ್ತದೆ. ಜಿನುಗು ಸಣ್ಣದೇ, ಆದರೆ ದಿನವಿಡೀ. ಕೊನೆಗೆ ನೀರು ಬಿಟ್ಟ ಗದ್ದೆಗೂ ಬಿಡದ ಗದ್ದೆಗೂ ಉಳಿಯುವ ಅಂತರ ನಾವು ಎಣಿಸಿದ್ದಕ್ಕಿಂತ ತುಂಬ ಕಡಿಮೆ.

ಫಲಕದಲ್ಲಿ ಈ ಅಂತರ ಎಷ್ಟೆಂಬುದಕ್ಕೆ ಖಚಿತ ಲೆಕ್ಕವಿದೆ. ಐಬಿಎಂನ ಆಲ್ಟ್ ಮತ್ತು ಪ್ಲೆಶ್ಕೊ ಅದನ್ನು 1974ರಲ್ಲಿ ಕೊಟ್ಟರು. ಕಂಬದ ವೋಲ್ಟೇಜನ್ನು 1 ಎಂದಿಟ್ಟರೆ, 240 ಸಾಲಿನ ಫಲಕದಲ್ಲಿ ಸಾಲಿಗೆ ಕೊಡಬೇಕಾದ ಅತ್ಯುತ್ತಮ ವೋಲ್ಟೇಜ್ ಸುಮಾರು 15.5. ಹೊತ್ತಬೇಕಾದ ಚೌಕಕ್ಕೆ ಎರಡೂ ಕೂಡಿ 16.5 ಸಿಗುತ್ತದೆ. ಆರಬೇಕಾದದ್ದಕ್ಕೆ ಕಳೆದು 14.5. ಆಮೇಲೆ ಉಳಿದ 239 ಸಾಲುಗಳ ಹೊತ್ತಿನಲ್ಲಿ ಇಬ್ಬರಿಗೂ ಅದೇ 1ರ ಜಿನುಗು. ಇಡೀ ಚಿತ್ರದ ಹೊತ್ತಿಗೆ ಸರಾಸರಿ ಹಾಕಿದರೆ ಹೊತ್ತಿದ ಚೌಕಕ್ಕೆ ಸಿಕ್ಕಿದ್ದು ಆರಿದ್ದಕ್ಕಿಂತ ನೂರಕ್ಕೆ 6.7ರಷ್ಟು ಹೆಚ್ಚು. ಅಷ್ಟೇ! ಕಡುಕಪ್ಪಿಗೂ ಬಯಲಿಗೂ ನಡುವೆ ಇರುವುದು ಇಷ್ಟು ಇಕ್ಕಟ್ಟಾದ ಓಣಿ. ಹಳೆಯ, ಕಾಲು ಸುತ್ತು ಮಾತ್ರ ತಿರುಚಿದ ದ್ರವ ಸ್ಫಟಿಕಕ್ಕೆ ಈ ಅಂತರ ಸಾಲದು. ಕಪ್ಪಾಗಬೇಕಾದದ್ದೂ ಮಾಸಲಾಗಿಯೇ ಉಳಿಯುತ್ತದೆ. ಎಸ್‌ಟಿಎನ್‌ನ ಹೆಚ್ಚಿನ ತಿರುಚು ಇರುವುದೇ ಇಷ್ಟು ಸಣ್ಣ ಅಂತರಕ್ಕೂ ಅಣುಗಳು ಥಟ್ಟನೆ ಮಗ್ಗುಲು ಬದಲಿಸಲಿ ಎಂದು. ಇಂಥ ಫಲಕಗಳಿಗೆ ಕಾಂಟ್ರಾಸ್ಟ್ ತಿರುಗಿಸುವ ಗುಂಡಿ ಇಟ್ಟಿರುವುದೂ ಇದರಿಂದಲೇ. ಬಿಸಿಲಿಗೆ ಫಲಕ ಕಾದರೆ ಅಣುಗಳು ಇನ್ನೂ ಕಡಿಮೆ ವೋಲ್ಟೇಜಿಗೇ ಎದ್ದು ನಿಲ್ಲುತ್ತವೆ, ಪರದೆ ಪೂರಾ ಕಪ್ಪಿಡುತ್ತದೆ.

ಇಂಥ ಇಕ್ಕಟ್ಟಿನೊಳಗೆ ನಡುವಣ ಹದಿಮೂರು ಛಾಯೆಗಳಿಗೆ ಹದಿಮೂರು ವೋಲ್ಟೇಜ್ ಕೊಡುತ್ತೇನೆಂದು ಹೊರಡುವುದು ಬಲು ತ್ರಾಸಿನ ದಾರಿ. ಎಸ್‌ಎ-1110ರ ನಿಯಂತ್ರಕ ಹಿಡಿದದ್ದು ಬೇರೆ ದಾರಿ. ಚೌಕವನ್ನು ಪ್ರತಿ ಚಿತ್ರದಲ್ಲೂ ಹೊತ್ತಿಸುವುದಿಲ್ಲ. ಕೆಲವು ಚಿತ್ರಗಳಲ್ಲಿ ಹೊತ್ತಿಸುತ್ತದೆ, ಕೆಲವುಗಳಲ್ಲಿ ಬಿಡುತ್ತದೆ. ಅತಿ ತೆಳು ಬೂದು ಬೇಕೋ, ಒಂಬತ್ತು ಚಿತ್ರಗಳಲ್ಲಿ ಒಮ್ಮೆ. ಅದರ ಮುಂದಿನದು ಐದರಲ್ಲಿ ಒಮ್ಮೆ. ಆಮೇಲೆ ಹದಿನೈದರಲ್ಲಿ ನಾಲ್ಕು, ಒಂಬತ್ತರಲ್ಲಿ ಮೂರು, ಐದರಲ್ಲಿ ಎರಡು, ಒಂಬತ್ತರಲ್ಲಿ ನಾಲ್ಕು. ನಟ್ಟನಡುವೆ ಎರಡರಲ್ಲಿ ಒಂದು. ಅಲ್ಲಿಂದ ಮುಂದಕ್ಕೆ ಅದೇ ಲೆಕ್ಕ ತಿರುವುಮುರುವಾಗಿ ಪೂರ್ಣ ಕಪ್ಪಿನವರೆಗೆ. ಹದಿನಾರು ಸಂಕೇತಗಳಲ್ಲಿ ಕೊನೆಯ ಎರಡಕ್ಕೂ ಒಂದೇ ಅರ್ಥ, ಆದ್ದರಿಂದ ಛಾಯೆ ಹದಿನೈದು.

ಈ ಭಿನ್ನರಾಶಿಗಳನ್ನು ಆರಿಸಿದವರ ಬಗ್ಗೆ ನನಗೆ ಬಹಳ ಗೌರವ. ಸುಮ್ಮನೆ ಹದಿನಾರರಲ್ಲಿ ಒಂದು, ಹದಿನಾರರಲ್ಲಿ ಎರಡು ಎಂದು ಜೋಡಿಸಬಹುದಿತ್ತು. ಆದರೆ ಹದಿನಾರು ಚಿತ್ರಗಳ ಸುತ್ತು ಮುಗಿಯಲು ನಮ್ಮ ಹಿಗ್ಗಿಸಿದ ಕಾಲದಲ್ಲಿ 64 ನಿಮಿಷ ಬೇಕು. ಐದರ ಸುತ್ತು 20 ನಿಮಿಷಕ್ಕೆ ಮುಗಿಯುತ್ತದೆ, ಒಂಬತ್ತರದು 36ಕ್ಕೆ. ಸುತ್ತು ಚಿಕ್ಕದಾದಷ್ಟೂ ಮಿಣುಕು ಕಡಿಮೆ. ಅಷ್ಟೇ ಅಲ್ಲ, ಮೆಟ್ಟಿಲುಗಳೂ ಸಮವಾಗಿಲ್ಲ. ಎರಡು ತುದಿಗಳಲ್ಲಿ ದೊಡ್ಡ ಹೆಜ್ಜೆ, ನಡುವೆ ಒತ್ತೊತ್ತಾಗಿ ಸಣ್ಣ ಹೆಜ್ಜೆ. ಎಸ್‌ಟಿಎನ್ ಅಣುಗಳು ಮಗ್ಗುಲು ಬದಲಿಸುವುದೂ ನಡುವಿನಲ್ಲೇ. ಸ್ವಲ್ಪ ಹೆಚ್ಚು ಕಡಿಮೆಯಾದರೂ ಛಾಯೆ ಜಾರುವ ಆ ಜಾಗದಲ್ಲಿ ಹೆಜ್ಜೆ ಸಣ್ಣದಿರುವುದು ಎಷ್ಟು ಹೊಂದಿಕೆಯ ಏರ್ಪಾಡು!

ಹೀಗೆ ಬಿಟ್ಟು ಬಿಟ್ಟು ಹೊತ್ತಿಸಿದ್ದು ಬೂದಾಗುವುದು ಹೇಗೆ? ಅರ್ಧ ಉತ್ತರ ಗಾಜಿನೊಳಗೆ ಇದೆ. ಆ ಕಾಲದ ಎಸ್‌ಟಿಎನ್ ಅಣುಗಳು ಪೂರ್ತಿ ಎದ್ದು ನಿಲ್ಲಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಹೊತ್ತು ತೆಗೆದುಕೊಳ್ಳುತ್ತಿದ್ದವು. ನಮ್ಮ ಹಿಗ್ಗಿಸಿದ ಗಡಿಯಾರದಲ್ಲಿ ಅದು 56 ನಿಮಿಷ. ನಾಲ್ಕು ನಿಮಿಷಕ್ಕೊಮ್ಮೆ ಒಂದು ಸೆಕೆಂಡು ದೂಡುತ್ತಾರೆ, ಅಣು ಏಳಲು ಮುಕ್ಕಾಲು ಪಾಲು ಗಂಟೆಗೂ ಮೇಲೆ ಬೇಕು. ಇನ್ನೇನು ಎದ್ದಿತು ಎನ್ನುವಷ್ಟರಲ್ಲಿ ಮುಂದಿನ ಚಿತ್ರದಲ್ಲಿ ಅದಕ್ಕೆ ಪೂರಾ ದೂಡಿಕೆ ಸಿಗುವುದಿಲ್ಲ, ಕೊಂಚ ಒರಗುತ್ತದೆ. ಮತ್ತೆ ದೂಡಿಕೆ, ಮತ್ತೆ ಏಳುತ್ತದೆ. ಪೂರಾ ನಿಲ್ಲಲೂ ಆಗದೆ ಪೂರಾ ಮಲಗಲೂ ಆಗದೆ ನಡುವೆಯೇ ಒಂದು ಓರೆಯಲ್ಲಿ ತೂಗುತ್ತ ಉಳಿಯುತ್ತದೆ. ಆ ಓರೆಯ ಮೂಲಕ ಬೆಳಕು ಸ್ವಲ್ಪ ಹಾಯುತ್ತದೆ, ಸ್ವಲ್ಪ ಹಾಯುವುದಿಲ್ಲ. ಭೂತಗನ್ನಡಿಯಲ್ಲಿ ಕಂಡ ಅದುರು ಈ ತೂಗಾಟವೇ. ಅಳಿದುಳಿದ ಏರಿಳಿತವನ್ನು ನಮ್ಮ ಕಣ್ಣು ಸರಾಸರಿ ಮಾಡಿಕೊಳ್ಳುತ್ತದೆ. ಇದೇ ನಿಧಾನದಿಂದಾಗಿ 1990ರ ದಶಕದ ಲ್ಯಾಪ್‌ಟಾಪುಗಳಲ್ಲಿ ಮೌಸಿನ ಬಾಣ ಜೋರಾಗಿ ಓಡಿದಾಗ ಕಾಣದಾಗುತ್ತಿತ್ತು. ಬಾಣಕ್ಕೆ ಶಾಪವಾದ ಮಂದಗತಿ ಬೂದಿಗೆ ವರವಾಯಿತು.

ಆದರೂ ಒಂದು ತೊಡಕು ಉಳಿಯುತ್ತದೆ. ಒಂದು ಅಗಲವಾದ ಜಾಗವೆಲ್ಲ ಒಂದೇ ತೆಳು ಬೂದಾಗಿದ್ದರೆ, ಒಂಬತ್ತರಲ್ಲಿ ಒಮ್ಮೆ ಅಲ್ಲಿನ ಎಲ್ಲ ಚೌಕಗಳೂ ಒಟ್ಟಿಗೆ ಹೊತ್ತಿದರೆ, ನಿಜ ಕಾಲದಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ ಎಂಟು ಮಿಣುಕು. ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ನಿಯಂತ್ರಕ ಚೌಕದ ಛಾಯೆಯನ್ನಷ್ಟೇ ನೋಡುವುದಿಲ್ಲ. ಅದು ಎಷ್ಟನೇ ಸಾಲು, ಎಷ್ಟನೇ ಕಂಬ, ಇದು ಎಷ್ಟನೇ ಚಿತ್ರ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಈ ಚೌಕದ ಪಾಳಿ ಈಗ ಬಂದರೆ ಪಕ್ಕದ್ದರ ಪಾಳಿ ಇನ್ನೊಂದು ಚಿತ್ರದಲ್ಲಿ, ಕೆಳಗಿನದ್ದರದು ಮತ್ತೊಂದರಲ್ಲಿ. ಯಾವ ಗಳಿಗೆಯಲ್ಲಿ ನೋಡಿದರೂ ಆ ಜಾಗದಲ್ಲಿ ಹೊತ್ತಿರುವ ಚೌಕಗಳ ಪಾಲು ಒಂದೇ. ಹಂಚಿಕೆ ತೀರ ಕ್ರಮಬದ್ಧವಾದರೆ ಹೊತ್ತಿದ ಚೌಕಗಳು ಸಾಲುಗಟ್ಟಿ ಓರೆಯಾಗಿ ಪರದೆಯ ಮೇಲೆ ತೆವಳುವಂತೆ ಕಾಣುತ್ತದೆ; ತೀರ ಚದುರಿದರೆ ಮರಳು ಕುದಿದಂತಾಗುತ್ತದೆ. ಎರಡರ ನಡುವಿನ ಹದ ಕಂಡುಕೊಳ್ಳಬೇಕು. ಇನ್ನು ಹಳೆಯ ಚೋಕಿನ ಟ್ಯೂಬ್‌ಲೈಟಿನ ಕೆಳಗೆ ಬಂದರೆ ಬೇರೆಯೇ ಆಟ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಆ ಲಯಕ್ಕೂ ಚಿತ್ರಗಳ ಲಯಕ್ಕೂ ತಾಳ ತಪ್ಪಿದಲ್ಲಿ ಬೂದಿನ ಮೇಲೆ ಅಲೆ ಹರಿಯುತ್ತದೆ. ಚಿತ್ರದ ವೇಗವನ್ನು ಸ್ವಲ್ಪ ಏರಿಸಿ ಇಳಿಸಿ ನೋಡುವುದು ಅದಕ್ಕಿರುವ ಮದ್ದು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವೊಂದು ಕಣ್ಣಿಗೇ ಕಾಣದ ಕಡೆ ಇದೆ. ದ್ರವ ಸ್ಫಟಿಕಕ್ಕೆ ವೋಲ್ಟೇಜಿನ ಗಾತ್ರವಷ್ಟೇ ಮುಖ್ಯ. ಪ್ಲಸ್ಸೋ ಮೈನಸ್ಸೋ ಎಂಬ ಭೇದವಿಲ್ಲ, ಎರಡಕ್ಕೂ ಒಂದೇ ರೀತಿ ಏಳುತ್ತದೆ. ಆದರೆ ಒಂದೇ ದಿಕ್ಕಿನ ವಿದ್ಯುತ್ತು ಸದಾ ಬೀಳುತ್ತಿದ್ದರೆ ದ್ರವದಲ್ಲಿರುವ ಅಯಾನುಗಳು ಒಂದು ಮಗ್ಗುಲಿಗೆ ಹೋಗಿ ಗುಡ್ಡೆ ಬೀಳುತ್ತವೆ, ವಿದ್ಯುದ್ವಿಭಜನೆ ಶುರುವಾಗುತ್ತದೆ, ಫಲಕ ಕೆಡುತ್ತದೆ. ಹಾಗಾಗಿ ಆಗಾಗ ದಿಕ್ಕು ಬದಲಿಸಬೇಕು. ಇದಕ್ಕೆಂದೇ ನಿಯಂತ್ರಕದಿಂದ ಇನ್ನೊಂದು ತಂತಿ ಹೋಗುತ್ತದೆ. ಅದು ಮೇಲೆದ್ದಾಗ ಎಲ್ಲ ವೋಲ್ಟೇಜುಗಳೂ ಒಂದು ದಿಕ್ಕು, ಕೆಳಗಿಳಿದಾಗ ಇನ್ನೊಂದು.

ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು? ಥಟ್ಟನೆ ಹೊಳೆಯುವ ಉತ್ತರ: ಒಂದು ಚಿತ್ರಕ್ಕೊಮ್ಮೆ. ಬರೀ ಕಪ್ಪು-ಬಿಳುಪಾಗಿದ್ದರೆ ಅದು ಸರಿಯೇ. ಆದರೆ ಈಗ ಎರಡರಲ್ಲೊಂದು ಬೂದಿನ ಚೌಕವನ್ನು ತೆಗೆದುಕೊಳ್ಳಿ. ಅದು ಒಂದನೇ ಚಿತ್ರದಲ್ಲಿ ಹೊತ್ತುತ್ತದೆ, ಮೂರನೆಯದರಲ್ಲಿ, ಐದನೆಯದರಲ್ಲಿ. ದಿಕ್ಕು ಚಿತ್ರಕ್ಕೊಮ್ಮೆ ಬದಲಾಗುವುದಾದರೆ ಒಂದರಲ್ಲಿ, ಮೂರರಲ್ಲಿ, ಐದರಲ್ಲಿ ದಿಕ್ಕು ಒಂದೇ! ಹೊತ್ತಿದಾಗಲೆಲ್ಲ ಪ್ಲಸ್, ಆರಿದಾಗಲೆಲ್ಲ ಮೈನಸ್. ಹೊತ್ತಿದಾಗಿನದು ಹೆಚ್ಚು, ಆರಿದಾಗಿನದು ಕಡಿಮೆ. ವ್ಯತ್ಯಾಸ ಒಂದೇ ಮಗ್ಗುಲಿಗೆ ಜಮೆಯಾಗುತ್ತಲೇ ಹೋಗುತ್ತದೆ. ಪರದೆಯ ಮೇಲೆ ಸುಂದರ ಬೂದು, ಒಳಗೊಳಗೇ ಫಲಕ ಸವೆಯುತ್ತಿದೆ. ಇದರಿಂದ ಪಾರಾಗಲು ದಿಕ್ಕನ್ನು ಇಂತಿಷ್ಟು ಸಾಲಿಗೊಮ್ಮೆ ಬದಲಿಸುತ್ತಾರೆ. 13 ಸಾಲಿಗೊಮ್ಮೆ ಎಂದಿಟ್ಟುಕೊಳ್ಳಿ. 240ನ್ನು 13ರಿಂದ ಭಾಗಿಸಿದರೆ 6 ಉಳಿಯುತ್ತದೆ. ಉಳಿದ ಆ ಆರು ಸಾಲು ಮುಂದಿನ ಚಿತ್ರಕ್ಕೆ ದಾಟುತ್ತವೆ, ದಿಕ್ಕು ಬದಲಾಗುವ ಜಾಗ ಚಿತ್ರದಿಂದ ಚಿತ್ರಕ್ಕೆ ಜಾರುತ್ತ ಹೋಗುತ್ತದೆ. ಯಾವ ಚೌಕದ ಪಾಳಿಯೂ ಒಂದೇ ದಿಕ್ಕಿಗೆ ಅಂಟಿಕೊಳ್ಳುವುದಿಲ್ಲ. ಎಸ್‌ಎ-1110ರಲ್ಲಿ ಈ ಸಂಖ್ಯೆಯನ್ನು ಬರೆದಿಡಲು ಒಂದು ಜಾಗವೇ ಇದೆ. ಶೇಷ ಉಳಿಯುವಂಥ ಸಂಖ್ಯೆಯನ್ನು ಹುಡುಕಿ ಅಲ್ಲಿ ಬರೆಯುವುದು ಫಲಕವನ್ನು ಬಲ್ಲವರ ಕೆಲಸ.

ಪರದೆ ಆರಿಸುವುದಕ್ಕೂ ಇದೇ ಎಚ್ಚರ ಬೇಕು. ಸಾಲುಗಳ ಓಟ ನಡುವೆಯೇ ನಿಂತರೆ, ಫಲಕದ ಇಪ್ಪತ್ತು ವೋಲ್ಟಿನ ಆಸುಪಾಸಿನ ಪೂರೈಕೆ ಇನ್ನೂ ಇದ್ದರೆ, ಆ ಕ್ಷಣದಲ್ಲಿ ಸರದಿಯಲ್ಲಿದ್ದ ಒಂದು ಸಾಲಿನ ಮೇಲೆ ಒಂದೇ ದಿಕ್ಕಿನ ವಿದ್ಯುತ್ತು ಸುರಿಯುತ್ತಲೇ ಇರುತ್ತದೆ. ಅದಕ್ಕೇ ಮೊದಲು ಆ ಪೂರೈಕೆಯನ್ನು ತೆಗೆದು, ಆಮೇಲೆ ನಿಯಂತ್ರಕವನ್ನು ನಿಲ್ಲಿಸಬೇಕು. ನಿಲ್ಲು ಎಂದರೂ ನಿಯಂತ್ರಕ ತಕ್ಷಣ ನಿಲ್ಲುವುದಿಲ್ಲ. ಕೈಯಲ್ಲಿರುವ ಚಿತ್ರವನ್ನು ಕೊನೆಯ ಸಾಲಿನವರೆಗೆ ಮುಗಿಸಿ, ಮುಗಿಯಿತೆಂದು ಒಂದು ಬಿಟ್ ಎತ್ತಿ ತೋರಿಸುತ್ತದೆ.

ಈ ಕಥೆಯ ಒಂದು ಎಳೆ ಸಿಂಪ್ಯೂಟರಿಗಿಂತ ಬಹು ಮುಂಚೆಯೇ ಬೆಂಗಳೂರಿನಲ್ಲಿ ನೂಲಾಗುತ್ತಿತ್ತು. ಮೇಖ್ರಿ ವೃತ್ತದ ಬಳಿ, ಮರಗಳ ನಡುವೆ ಇರುವ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1971ರಲ್ಲಿ ಎಸ್. ಚಂದ್ರಶೇಖರ್ ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ಸಿ.ವಿ. ರಾಮನ್ ಅವರ ಸೋದರಳಿಯ. ಅದಕ್ಕೆ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ಕಡ್ಡಿಯಂಥ ಅಣುಗಳಷ್ಟೇ ಅಲ್ಲ, ಬಿಲ್ಲೆಯಂಥ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು 1977ರಲ್ಲಿ ಅವರೂ ಸಂಗಡಿಗರೂ ತೋರಿಸಿದ್ದು ಜಗತ್ತೇ ಬಲ್ಲ ಸಂಗತಿ. ಅದೇ ಸಂಸ್ಥೆಯ ಟಿ.ಎನ್. ರುಕ್ಮಾಂಗದನ್ ಹಿಡಿದದ್ದು ನಾವು ಇಲ್ಲಿಯವರೆಗೆ ನೋಡಿದ ಸರದಿಯ ಪ್ರಶ್ನೆಯನ್ನೇ. ಅಣುಗಳು ಚುರುಕಾದರೆ ನಾಲ್ಕು ನಿಮಿಷಕ್ಕೊಂದು ದೂಡಿಕೆ ಸಾಲದು. ಮುಂದಿನದು ಬರುವಷ್ಟರಲ್ಲಿ ಒರಗಿ, ಕಪ್ಪು ಮಾಸುತ್ತದೆ. ಹಾಗಾದರೆ ಸಾಲುಗಳನ್ನು ಒಂದೊಂದಾಗಿ ಏಕೆ ಆರಿಸಬೇಕು? ಹಲವು ಸಾಲುಗಳನ್ನು ಒಟ್ಟಿಗೆ ಆರಿಸಿ, ಒಂದಕ್ಕೊಂದು ಬೆರೆಯದಂಥ ಗಣಿತದ ವಿನ್ಯಾಸದಲ್ಲಿ ವೋಲ್ಟೇಜ್ ಕೊಟ್ಟು, ಕಂಬಗಳಲ್ಲಿ ಅದಕ್ಕೆ ತಕ್ಕ ಲೆಕ್ಕ ಹಾಕಿದರೆ? ಒಂದು ದೊಡ್ಡ ದೂಡಿಕೆಯ ಬದಲು ಅದೇ ನಾಲ್ಕು ನಿಮಿಷದಲ್ಲಿ ಹಲವು ಸಣ್ಣ ದೂಡಿಕೆಗಳು ಸಿಗುತ್ತವೆ. ಚಾಲಕಗಳಿಗೆ ಬೇಕಾದ ವೋಲ್ಟೇಜೂ ಇಳಿಯುತ್ತದೆ. ಈ ವಿಧಾನದ ಸಾಮಾನ್ಯ ರೂಪವನ್ನು ಅವರು 1988ರಲ್ಲಿ ಮಂಡಿಸಿದರು. ಮುಂದೆ ಬೂದು ಛಾಯೆಗಳಿಗಾಗಿ ಚಿತ್ರಗಳನ್ನು ಬಿಟ್ಟು ಬಿಟ್ಟು ಹೊತ್ತಿಸದೆ ವೇವ್‌ಲೆಟ್ ಎಂಬ ಗಣಿತದ ಅಲೆತುಣುಕುಗಳಿಂದಲೇ ಸಾಧಿಸುವ ದಾರಿಯನ್ನೂ ತೆರೆದರು. ಫಲಕಕ್ಕೆ ಒಂದು ತಂತಿಯನ್ನೂ ಹೆಚ್ಚಿಗೆ ಸೇರಿಸದೆ, ಬರೀ ಹೊತ್ತನ್ನೂ ವೋಲ್ಟೇಜನ್ನೂ ಬೇರೆ ಬಗೆಯಾಗಿ ಹಂಚಿ ಚಿತ್ರವನ್ನು ಗೆಲ್ಲಿಸಿದ ಕೆಲಸವಿದು. ಇದರ ಬಗ್ಗೆ ನಮ್ಮೂರಿನಲ್ಲೇ ಹೆಚ್ಚು ಮಾತಿಲ್ಲದಿರುವುದು ನನಗೆ ನೋವಿನ ಸಂಗತಿ.

ಚೌಕಕ್ಕೊಂದು ಟ್ರಾನ್ಸಿಸ್ಟರ್ ಇರುವ ಬಣ್ಣದ ಪರದೆಗಳು ಬಂದ ಮೇಲೆ ಇಂಥ ಫಲಕಗಳು ಕೈಗಡಿಯಾರ, ಮೀಟರು, ಸಣ್ಣಪುಟ್ಟ ಉಪಕರಣಗಳಿಗೆ ಸರಿದವು. ಬಿಟ್ಟು ಬಿಟ್ಟು ಹೊತ್ತಿಸುವ ಕ್ರಮ ಮಾತ್ರ ಹೋಗಲಿಲ್ಲ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪುಗಳ ಫಲಕ ಒಂದೊಂದು ಬಣ್ಣದಲ್ಲಿ 64 ಮೆಟ್ಟಿಲುಗಳನ್ನಷ್ಟೇ ಬಲ್ಲದು. ಚಿತ್ರಗಳು ಕೇಳುವುದು 256. ನಡುವಿನ ಮೂರು ಮೂರು ಮೆಟ್ಟಿಲುಗಳನ್ನು ಅಕ್ಕಪಕ್ಕದ ಎರಡು ಮೆಟ್ಟಿಲುಗಳ ನಡುವೆ ನಾಲ್ಕು ಚಿತ್ರಗಳ ಸುತ್ತಿನಲ್ಲಿ ಓಡಾಡಿ ತುಂಬಿಕೊಡುತ್ತಾರೆ: ಒಂದು ಚಿತ್ರ ಮೇಲೆ ಮೂರು ಕೆಳಗೆ, ಎರಡು ಮೇಲೆ ಎರಡು ಕೆಳಗೆ, ಮೂರು ಮೇಲೆ ಒಂದು ಕೆಳಗೆ. ಪಕ್ಕದ ಚೌಕದ ಪಾಳಿ ಇಲ್ಲೂ ಬೇರೆ. ಅಣುಗಳು ಈಗ ಬಹಳ ಚುರುಕು, ಮೆಟ್ಟಿಲಿನ ಅಂತರ ಬಹಳ ಸಣ್ಣದು. ಹಾಗಾಗಿ ಕಡುಗಪ್ಪು ನಿಧಾನವಾಗಿ ಬೂದಾಗುವ ಚಿತ್ರವೊಂದನ್ನು ಪರದೆ ತುಂಬ ಹರಡಿ, ಮುಖ ಹತ್ತಿರ ತಂದು ನೋಡಿದವರಿಗಷ್ಟೇ ಅದು ಸಿಕ್ಕರೂ ಸಿಕ್ಕೀತು.